ಮೂಗಿಗಿಂತ ಮೂಗುತಿ ಭಾರ

ಒಟ್ಟಿಗೆ ಕೊಂಡರೆ ಅಗ್ಗ ಎಂಬುದು ಸಂತೆಗೆ ಹೋಗುವ ಎಲ್ಲರಿಗೂ ಗೊತ್ತಿರುವ ಲೆಕ್ಕ. ಸರ್ಕಾರಿ ಖರೀದಿಯೂ ಬಹುಕಾಲ ಇದನ್ನೇ ನಂಬಿತ್ತು. ಆದರೆ ಈ ಲೆಕ್ಕದಲ್ಲಿ ವಸ್ತುವಿನ ಬೆಲೆಯಿದೆಯೇ ಹೊರತು ಕೊಳ್ಳಲು ತಗಲುವ ಖರ್ಚಿಲ್ಲ. ಶಾಲೆಯೊಂದರ ನಲ್ಲಿ ಸೋರುತ್ತಿದೆ ಎನ್ನಿ. ಬೇಕಿರುವುದು ಕೆಲವೇ ರೂಪಾಯಿಯ ವಾಷರ್. ಅದೂ ಮೇಲಿನ ಕಚೇರಿಯಿಂದಲೇ ಬರಬೇಕೆಂದರೆ ಬೇಡಿಕೆ ಪತ್ರ, ಮೂರು ಕೊಟೇಶನ್, ದರಗಳ ಹೋಲಿಕೆ ಪಟ್ಟಿ, ಮಂಜೂರಾತಿ, ಸರಬರಾಜು ಆದೇಶ, ದಾಸ್ತಾನು ವಹಿಯಲ್ಲಿ ನಮೂದು, ಕೊನೆಗೆ ಖಜಾನೆಗೆ ಬಿಲ್. ಕಡತ ಇಷ್ಟು ಮೇಜು ದಾಟುವಾಗ ಕಳೆಯುವ ಪ್ರತಿ ಗಂಟೆಗೂ ಸರ್ಕಾರ ಸಂಬಳ ಕೊಡುತ್ತದೆ. ಅಷ್ಟು ದಿನ ಸೋರಿಹೋದ ನೀರು ಯಾವ ವಹಿಯಲ್ಲೂ ದಾಖಲಾಗುವುದಿಲ್ಲ.

ಇದು ಸರ್ಕಾರಕ್ಕೆ ತಿಳಿಯದ್ದೇನಲ್ಲ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಒಂದು ಬಾರಿಗೆ 25,000 ರೂಪಾಯಿವರೆಗಿನ ಸಾಮಗ್ರಿಯನ್ನು ಕೊಟೇಶನ್ ಇಲ್ಲದೆ ಕೊಳ್ಳಲು ಬಿಟ್ಟವು. ಗುಣಮಟ್ಟ ಸರಿಯಿದೆ, ನಂಬಿಕಸ್ತ ಮಾರಾಟಗಾರರಿಂದ ಯೋಗ್ಯ ಬೆಲೆಗೆ ಕೊಂಡಿದ್ದೇನೆ ಎಂದು ಅಧಿಕಾರಿ ದೃಢೀಕರಿಸಿ ಸಹಿ ಹಾಕಬೇಕು, ಅಷ್ಟೆ. ಇಲಾಖೆಗಳ ಪರವಾಗಿ ದರ ಒಪ್ಪಂದ ಮಾಡಿಕೊಳ್ಳುತ್ತಿದ್ದ ಕೇಂದ್ರದ ಹಳೆಯ ಮಹಾನಿರ್ದೇಶನಾಲಯವೂ ಅದೇ ವರ್ಷ ಬಾಗಿಲು ಮುಚ್ಚಿ, 2016ರಲ್ಲಿ ಶುರುವಾದ ‘ಜೆಮ್’ ಎಂಬ ಆನ್‌ಲೈನ್ ಮಾರುಕಟ್ಟೆಗೆ ಜಾಗ ಬಿಟ್ಟಿತು. ಅಲ್ಲಿ ಮಾರುಕಟ್ಟೆ ಒಂದೇ, ಕೊಳ್ಳುವವರು ಆಯಾ ಕಚೇರಿಯವರು.

ಹಾಗಾದರೆ ಔಷಧಿಯನ್ನು ಒಂದೇ ಕಡೆ ಕೊಳ್ಳುವುದೂ ತಪ್ಪೇ ಎಂದು ಕೇಳಬಹುದು. ಅಲ್ಲ. ಮಾತ್ರೆಯೊಂದರ ಬೆಲೆ ಪೈಸೆಗಳಲ್ಲಿದ್ದರೂ ಬೇಕಾಗುವುದು ಕೋಟಿಗಟ್ಟಲೆ. ಎಲ್ಲ ಊರಿಗೂ ಒಂದೇ ಬಗೆ. ಗುಣಮಟ್ಟ ತಿಳಿಯಲು ಪ್ರಯೋಗಾಲಯವೇ ಬೇಕು. 1994ರಲ್ಲಿ ಹುಟ್ಟಿದ ತಮಿಳುನಾಡು ವೈದ್ಯಕೀಯ ಸೇವಾ ನಿಗಮ ಗೆದ್ದದ್ದು ಇಲ್ಲಿಯೇ. ಆದರೆ ಅದು ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ ಕೊಟ್ಟಿತು. ಅದರಲ್ಲಿ ನಮೂದಾದ ಮೊತ್ತದ ಮಿತಿಯೊಳಗೆ ಜಿಲ್ಲಾ ಗೋದಾಮಿನಿಂದ ಬೇಕಾದ ಔಷಧಿಯನ್ನು ಆಸ್ಪತ್ರೆಯೇ ಪಡೆಯುತ್ತದೆ. ದರ ರಾಜಧಾನಿಯಲ್ಲಿ ನಿಗದಿಯಾದರೂ ಅಗತ್ಯವನ್ನು ನಿರ್ಧರಿಸುವುದು ವಾರ್ಡಿಗೆ ಹತ್ತಿರದಲ್ಲಿರುವವರು.

ಕೈಗೆ ದುಡ್ಡು ಕೊಟ್ಟರೆ ದುರುಪಯೋಗವಾಗುತ್ತದೆ ಎಂಬ ಆಕ್ಷೇಪ ಇನ್ನೂ ಗಟ್ಟಿ. ದೊಡ್ಡ ಖರೀದಿಯನ್ನು ತುಂಡು ಮಾಡಿ ಮಿತಿಯೊಳಗೆ ತೂರಿಸುವ ಚಾಳಿ ಹಳೆಯದು. ಅದನ್ನು ನಿಯಮವೂ ನಿಷೇಧಿಸುತ್ತದೆ. ಇದಕ್ಕೆ ಮದ್ದೆಂದರೆ ವರ್ಷಕ್ಕೊಂದು ಮಿತಿ, ಸೂಚನಾ ಫಲಕದಲ್ಲಿ ಕೊಂಡ ವಸ್ತು ಮತ್ತು ಬೆಲೆಯ ಪಟ್ಟಿ, ಆಯ್ದ ಬಿಲ್‌ಗಳ ದಿಢೀರ್ ತಪಾಸಣೆ. ಸಾವಿರಾರು ಕೋಟಿಯ ಟೆಂಡರ್‌ನಲ್ಲಿ ನಡೆಯುವ ಕಳ್ಳತನವನ್ನು ವಾಷರ್‌ನ ಕಡತ ತಡೆಯುವುದಿಲ್ಲ. ಮುಖ್ಯ ಶಿಕ್ಷಕರ ಕೈಗೆ ನೂರಾರು ಮಕ್ಕಳನ್ನು ಒಪ್ಪಿಸುವ ಸರ್ಕಾರ, ನೂರು ರೂಪಾಯಿಯನ್ನೂ ನಂಬಿ ಒಪ್ಪಿಸಲಿ.