ಚರ್ಚಿನ ಗೋಡೆಯಾಚೆಯ ಶಾಲೆ

ಬೆಂಗಳೂರಿನ ಮಹಾಧರ್ಮಾಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಪರಮಪೂಜ್ಯರೇ,

ನಾನು ನಿಮ್ಮ ಧರ್ಮಪ್ರಾಂತ್ಯದವಳೇ. ಹೋದ ವರ್ಷ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ, ನಮ್ಮ ಚರ್ಚು ಗುಡಿಸುವ ಹೆಂಗಸು ಸೆರಗಿನ ತುದಿಯ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಚೀಟಿಯೊಂದನ್ನು ಕೊಟ್ಟಳು. "ಎಷ್ಟು ಬರ್ದಿದೆ, ಇನ್ನೊಂದ್ಸಲ ಓದಿ ಅಕ್ಕಾ" ಅಂದಳು. ಅದು ಒಂದನೇ ತರಗತಿಯ ಫೀಸಿನ ಚೀಟಿ. ಶಾಲೆ ಇರುವುದು ಚರ್ಚಿನ ಕಾಂಪೌಂಡ್ ಗೋಡೆಯಾಚೆ. ಓದಿ ಹೇಳಿದೆ. ಆಕೆ ಮಾತಾಡದೆ ಚೀಟಿಯನ್ನು ಮತ್ತೆ ಮಡಚಿ ಗಂಟು ಹಾಕಿಕೊಂಡಳು. ಆಕೆಯ ಮಗು ಆ ಶಾಲೆಗೆ ಸೇರಲೇ ಇಲ್ಲ.

ಅವತ್ತಿನಿಂದ ನನಗೆ ಸಂತ ಚಾವರ ಕುರಿಯಾಕೋಸ್ ಏಲಿಯಾಸರೇ ನೆನಪಾಗುತ್ತಾರೆ. 1805ರಲ್ಲಿ ಕೇರಳದ ಕುಟ್ಟನಾಡಿನ ಕೈನಕರಿಯಲ್ಲಿ ಹುಟ್ಟಿದವರು. ಕೆಳಜಾತಿಯವರಿಗೆ ಅಕ್ಷರ ನಿಷಿದ್ಧವಾಗಿದ್ದ ಕಾಲದಲ್ಲಿ, 1846ರಲ್ಲಿ, ಮಾನ್ನಾನಂನಲ್ಲಿ ಎಲ್ಲ ಜಾತಿಯವರನ್ನೂ ಕೂರಿಸಿಕೊಂಡು ಸಂಸ್ಕೃತ ಶಾಲೆ ತೆರೆದರು. 1864ರಲ್ಲಿ, ವಿಕಾರ್ ಜನರಲ್ ಆಗಿದ್ದಾಗ, ಪ್ರತಿ ಚರ್ಚಿನ ಪಕ್ಕದಲ್ಲೂ ಒಂದು ಶಾಲೆ ಕಟ್ಟಲೇಬೇಕು ಎಂದು ಅಪ್ಪಣೆ ಮಾಡಿದರು. ಬಡಮಕ್ಕಳು ಹಸಿದ ಹೊಟ್ಟೆಯಲ್ಲಿ ಬಂದು ಕೂತರೆ ಪಾಠ ತಲೆಗೆ ಹೋಗುತ್ತದೆಯೇ? ಅದಕ್ಕೇ ಮಧ್ಯಾಹ್ನದ ಊಟವನ್ನೂ ಇಟ್ಟರು. ಅಕ್ಕಿ ಬಂದದ್ದು ಯಾವ ದೊಡ್ಡ ದಾನಿಯಿಂದಲೂ ಅಲ್ಲ, ಮನೆಮನೆಯ ಅಡುಗೆಮನೆಯಿಂದ. ಅನ್ನಕ್ಕಿಡುವ ಮೊದಲು ಹೆಂಗಸರು ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಗೆ ಹಾಕಿಡುತ್ತಿದ್ದರು. ಮಲಯಾಳದಲ್ಲಿ ಅದಕ್ಕೆ 'ಪಿಡಿಯರಿ' ಎನ್ನುತ್ತಾರೆ. ಆ ಅಕ್ಕಿ ಅಳೆದ ಕೈಗಳೂ ಬಹುಪಾಲು ಬಡವರವೇ ಆಗಿದ್ದವು ಎಂದು ನಾನು ನಂಬುತ್ತೇನೆ. ಚಾವರರು ನಮ್ಮ ಊರಿಗೂ ಹೊರಗಿನವರಲ್ಲ: ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯವನ್ನು ನಡೆಸುತ್ತಿರುವುದು ಅವರು ಇಬ್ಬರು ಹಿರಿಯ ಪಾದ್ರಿಗಳ ಜೊತೆ ಕಟ್ಟಿದ ಸಿಎಂಐ ಸಭೆಯೇ.

ಇನ್ನು ನಮ್ಮ ಕಾಲಕ್ಕೆ ಬರೋಣ. 2014ರ ಮೇ 6ರಂದು, ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಕಾಯ್ದೆಯಡಿ ಖಾಸಗಿ ಶಾಲೆಗಳು ಬಡವರಿಗೆ ಬಿಡಬೇಕಾಗಿದ್ದ ಶೇ. 25 ಸೀಟುಗಳ ಹಂಗು ನಮ್ಮ ಶಾಲೆಗಳಿಗೆ ಉಳಿಯಲಿಲ್ಲ. ಅದೇ ವರ್ಷ ನವೆಂಬರ್ 23ರಂದು ಚಾವರರನ್ನು ಸಂತರೆಂದು ಘೋಷಿಸಲಾಯಿತು. ನಮ್ಮ ಶಾಲೆ ನಮ್ಮ ಕೈಯಲ್ಲೇ ಇರಬೇಕು, ಆ ಹಕ್ಕನ್ನು ನಾನೂ ಬಿಟ್ಟುಕೊಡಲಾರೆ. ಆದರೆ ಕಾನೂನು ಕೇಳದಿದ್ದರೆ ನಾವೂ ಕೊಡಬೇಕಿಲ್ಲವೇ? 1864ರಲ್ಲಿ ಚಾವರರನ್ನು ಯಾವ ಕಾನೂನು ಕೇಳಿತ್ತು?

ಪೂಜ್ಯರೇ, ನಮ್ಮಲ್ಲಿ ಬಡಮಕ್ಕಳಿಗೆ ಫೀಸು ಬಿಟ್ಟುಕೊಡುವ ಸಿಸ್ಟರ್‌ಗಳಿದ್ದಾರೆ, ನನಗೆ ಗೊತ್ತು. ಆದರೆ ಅದು ಅವರವರ ದಯೆಯಾಗಿ ಉಳಿಯಬಾರದು, ನಿಯಮವಾಗಬೇಕು. ಬರುವ ದಾಖಲಾತಿಗೆ ಮೊದಲು ಒಂದು ಸುತ್ತೋಲೆ ಹೊರಡಿಸಿ. ಧರ್ಮಪ್ರಾಂತ್ಯದ ಪ್ರತಿ ಶಾಲೆಯೂ ನಾಲ್ಕರಲ್ಲೊಂದು ಸೀಟನ್ನು, ಜಾತಿ ಧರ್ಮ ಕೇಳದೆ, ಸುತ್ತಲಿನ ಬಡಮಕ್ಕಳಿಗೆ ಉಚಿತವಾಗಿ ಕೊಡಲಿ. ಖರ್ಚಿಗೆ ನಮ್ಮನ್ನು ಕೇಳಿ. ತಿಂಗಳಿಗೊಂದು ಭಾನುವಾರದ ಕಾಣಿಕೆಯನ್ನು ಇದಕ್ಕೆಂದೇ ಎತ್ತಿಡಿ, ನಾವು ಕೊಡುತ್ತೇವೆ.

ಆ ಸುತ್ತೋಲೆಯನ್ನು ಕನ್ನಡದಲ್ಲಿ ಬರೆಸಿ, ಎಲ್ಲ ಚರ್ಚುಗಳಲ್ಲೂ ಪೂಜೆಯ ಕೊನೆಗೆ ಗಟ್ಟಿಯಾಗಿ ಓದಿಸಿ. ಚೀಟಿ ಓದಲು ಬಾರದ ತಾಯಂದಿರು ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ.

ಇತಿ,
ನಿಮ್ಮ ಧರ್ಮಪ್ರಾಂತ್ಯದ ಒಬ್ಬ ತಾಯಿ