ಸಂಘದ ಅಧ್ಯಕ್ಷರಿಗೆ ಎರಡು ಅವಧಿ ಸಾಲದೇ?

ಮಾರ್ಚ್ ಮುಗಿದು ಲೆಕ್ಕಪತ್ರ ಆಡಿಟರ್ ಕೈ ಸೇರಿತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಮ್ಮ ಕನ್ನಡ ಸಂಘಗಳಲ್ಲಿ ಮಹಾಸಭೆಗಳ ಸುಗ್ಗಿ. ವರದಿ ವಾಚನ, ಲೆಕ್ಕಪತ್ರ ಮಂಜೂರಾತಿ, ಬಳಿಕ ಪದಾಧಿಕಾರಿಗಳ ಆಯ್ಕೆ. "ಹಾಲಿ ಅಧ್ಯಕ್ಷರೇ ಮುಂದುವರಿಯಲಿ" ಎಂದು ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆ ಬೀಳುತ್ತದೆ, ಎಲ್ಲರೂ ಊಟಕ್ಕೆ ಏಳುತ್ತೇವೆ. ಇದು ನಾಲ್ಕನೇ ಸಲವೋ ಐದನೇ ಸಲವೋ, ಲೆಕ್ಕ ಇಟ್ಟವರಿಲ್ಲ.

ಈ ಪ್ರಶ್ನೆ ದೊಡ್ಡ ದೊಡ್ಡ ದೇಶಗಳನ್ನೂ ಕಾಡಿದೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಎರಡು ಸಲವೂ ಸರ್ವಾನುಮತದಿಂದ ಆಯ್ಕೆಯಾದವರು. 1796ರಲ್ಲಿ ಮೂರನೇ ಸಲ ಬೇಡವೆಂದರು. ಅವರನ್ನು ತಡೆಯುವ ಕಾನೂನು ಇರಲಿಲ್ಲ, ದಣಿದಿದ್ದರು, ಊರಿಗೆ ಮರಳಿದರು. ಅದನ್ನು ತತ್ವವಾಗಿ ಎತ್ತಿ ಹಿಡಿದವರು ಥಾಮಸ್ ಜೆಫರ್ಸನ್. ಅವಧಿಗೆ ಮಿತಿ ಇಲ್ಲದಿದ್ದರೆ ನಾಲ್ಕು ವರ್ಷದ ಹುದ್ದೆ ಆಜೀವ ಹುದ್ದೆಯಾದೀತು ಎಂಬುದು ಅವರ ಅಂಜಿಕೆ. ಸುಮಾರು 140 ವರ್ಷ ಈ ಪದ್ಧತಿ ಬಾಯಿಮಾತಿನಲ್ಲೇ ನಡೆಯಿತು. 1880ರಲ್ಲಿ ಯುಲಿಸಿಸ್ ಗ್ರಾಂಟ್ ಮೂರನೇ ಅವಧಿಗೆ ಹೊರಟಾಗ ಅವರ ಪಕ್ಷವೇ ಟಿಕೆಟ್ ಕೊಡಲಿಲ್ಲ. ಮುರಿದವರು ಫ್ರಾಂಕ್ಲಿನ್ ರೂಸ್ವೆಲ್ಟ್. ಯುದ್ಧಕಾಲ, ಜನಪ್ರಿಯ ನಾಯಕ. 1940ರಲ್ಲಿ ಮೂರನೇ ಸಲ, 1944ರಲ್ಲಿ ನಾಲ್ಕನೇ ಸಲ ಗೆದ್ದರು. 1945ರ ಏಪ್ರಿಲ್‌ನಲ್ಲಿ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಆಮೇಲೆ ಎಚ್ಚೆತ್ತು 1951ರಲ್ಲಿ 22ನೇ ತಿದ್ದುಪಡಿಯಿಂದ ಎರಡೇ ಸಲ ಎಂದು ಬರೆದಿಟ್ಟರು. ಗಮನಿಸಿ, ಪದ್ಧತಿ ಮುರಿದದ್ದು ಕೆಟ್ಟವರಿಂದಲ್ಲ. ಜನರಿಗೆ ಬೇಕಾದವರಿಂದಲೇ.

ನಮ್ಮ ಸಂವಿಧಾನದ 57ನೇ ವಿಧಿ ರಾಷ್ಟ್ರಪತಿಗೆ ಮರು ಆಯ್ಕೆಯ ಅವಕಾಶ ಕೊಡುತ್ತದೆ, ಮಿತಿ ಹೇಳುವುದಿಲ್ಲ. ಬಾಬು ರಾಜೇಂದ್ರ ಪ್ರಸಾದರು 1950ರಿಂದ 1962ರವರೆಗೆ ಇದ್ದರು. ಅವರ ನಂತರ ಎರಡನೇ ಸಲ ಆ ಪೀಠ ಏರಿದವರೇ ಇಲ್ಲ. ನಮ್ಮ ಜಮಖಂಡಿ ಕಡೆಯ ಬಿ.ಡಿ. ಜತ್ತಿಯವರು 1977ರಲ್ಲಿ ಐದು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದು ಹೊಸಬರಿಗೆ ಜಾಗ ಬಿಟ್ಟದ್ದನ್ನು ನಮ್ಮಲ್ಲಿ ಹಿರಿಯರು ಮರೆತಿರಲಾರರು.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಸಂಘ ಸಂಸ್ಥೆಗಳ ಖಾತೆ ನೋಡುವವನು. ಒಂದು ಸಂಸ್ಥೆಯ ಅಧ್ಯಕ್ಷರು ತೀರಿಕೊಂಡರು. ಹದಿನೆಂಟು ವರ್ಷ ಚೆಕ್ಕಿಗೆ ಅವರದೇ ಸಹಿ, ಜೊತೆಗಿದ್ದ ಕೋಶಾಧಿಕಾರಿ ಊರು ಸೇರಿ ವರ್ಷವಾಗಿತ್ತು. ಪಬ್ಲಿಕ್ ಟ್ರಸ್ಟ್ ಕಾಯ್ದೆಯಂತೆ ಪದಾಧಿಕಾರಿಗಳು ಬದಲಾದರೆ 90 ದಿನದೊಳಗೆ ಚ್ಯಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಕಚೇರಿಯ ಕಡತದಲ್ಲಿ ಯಾವ ಕಾಲದ್ದೋ ಸಮಿತಿಯ ಹೆಸರು! ಶಾಲೆ ಮಕ್ಕಳ ಪುಸ್ತಕಕ್ಕೆಂದು ಇಟ್ಟ ಹಣ ಜೂನ್ ಕಳೆದರೂ ಕೈಗೆ ಬರಲಿಲ್ಲ. ಆ ಹಿರಿಯರು ಒಂದು ಪೈಸೆ ಮುಟ್ಟಿದವರಲ್ಲ, ತಮ್ಮ ಜೇಬಿನಿಂದ ಹಾಕಿದವರು. ಆದರೆ ಸಂಘವೆಲ್ಲ ಅವರ ತಲೆಯಲ್ಲಿತ್ತು, ಅವರೊಂದಿಗೇ ಹೋಯಿತು.

ಬ್ಯಾಂಕಿನಲ್ಲಿ ನಮ್ಮನ್ನು ಟೇಬಲ್‌ನಿಂದ ಟೇಬಲ್‌ಗೆ ಬದಲಿಸುತ್ತಲೇ ಇರುತ್ತಾರೆ. ಕಳ್ಳರೆಂದಲ್ಲ, ಇನ್ನೊಬ್ಬನಿಗೂ ಕೆಲಸ ಗೊತ್ತಾಗಲಿ ಎಂದು. ಸಹಕಾರಿ ಬ್ಯಾಂಕುಗಳ ನಿರ್ದೇಶಕರಿಗೂ ನಿರಂತರ 8 ವರ್ಷದ ಮಿತಿ ಇತ್ತು, 2025ರ ಆಗಸ್ಟ್‌ನಿಂದ ಅದು 10 ವರ್ಷವಾಗಿದೆ. (ಅಧ್ಯಕ್ಷರಿಗೂ ಪೂರ್ಣಾವಧಿ ನಿರ್ದೇಶಕರಿಗೂ ಈ ಮಿತಿ ಇಲ್ಲ. ಇದೇಕೆಂದು ನನಗೆ ಇಂದಿಗೂ ಒಗಟು.)

"ಬಿಟ್ಟರೆ ಮಾಡುವವರು ಯಾರು ಮಾರಾಯ್ರೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಸುಳ್ಳಲ್ಲ. ಲೋಕಲ್ ಟ್ರೈನಿನಲ್ಲಿ ಜೋತಾಡಿ ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟುವ ಹುಡುಗರಿಗೆ ಸಂಘದ ಸಭೆ ಎಲ್ಲಿ? ಆದರೂ ಯುವ ವಿಭಾಗದಲ್ಲಿ ಹತ್ತು ವರ್ಷ ಕುರ್ಚಿ ಜೋಡಿಸಿದ ಹುಡುಗನಿಗೆ ನಲವತ್ತಾಗಿದೆ, ಇನ್ನೂ ಅವನು 'ಯುವ'ಕನೇ. ಅವನಿಗೆ ಜವಾಬ್ದಾರಿ ಕೊಟ್ಟು ನೋಡಿದ್ದೇವೆಯೇ?

ಕ್ರಿಕೆಟ್ ಮಂಡಳಿಯ ವಿಷಯದಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಒಪ್ಪಿದ ಸೂತ್ರ ನಮಗೆ ಹೊಂದುತ್ತದೆ. ಮೂರು ವರ್ಷದ ಎರಡು ಅವಧಿ ಸತತ ಇರಬಹುದು, ಆಮೇಲೆ ಮೂರು ವರ್ಷ ವಿರಾಮ. ವಿರಾಮದಲ್ಲಿರುವವರನ್ನು ಗೌರವಾಧ್ಯಕ್ಷರೆಂದು ವೇದಿಕೆಯಲ್ಲಿ ಕೂರಿಸೋಣ, ಶಾಲು ಹೊದಿಸೋಣ, ಚೆಕ್ಕಿಗೆ ಸಹಿ ಮಾತ್ರ ಬೇಡ. ಇಲ್ಲವಾದರೆ ರಷ್ಯಾದಲ್ಲಿ ಪುಟಿನ್ 2008ರಲ್ಲಿ ಅಧ್ಯಕ್ಷ ಪದವಿ ಬಿಟ್ಟು ಪ್ರಧಾನಿಯಾಗಿ, 2012ರಲ್ಲಿ ಮರಳಿ ಅಧ್ಯಕ್ಷರಾದ ಕಥೆಯೇ ನಮ್ಮ ಸಭಾಗೃಹದಲ್ಲೂ ನಡೆದೀತು.

ಇದಕ್ಕೆ ನಿಯಮಾವಳಿಗೆ ತಿದ್ದುಪಡಿ ಬೇಕು. ಠರಾವನ್ನು ಮಹಾಸಭೆಯ ನೋಟಿಸು ಹೊರಡುವ ಮೊದಲೇ ಲಿಖಿತವಾಗಿ ಕಾರ್ಯದರ್ಶಿಯವರಿಗೆ ಕೊಟ್ಟು ಕಾರ್ಯಸೂಚಿಯಲ್ಲಿ ಸೇರಿಸಿಕೊಳ್ಳಬೇಕು. ಸಭೆಯಲ್ಲಿ ಎದ್ದು ನಿಂತು ಹೇಳಿದರೆ ಅದು 'ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯ'ಕ್ಕೆ ಬೀಳುತ್ತದೆ, ಅಷ್ಟರಲ್ಲಿ ಸಾರಿನ ಪರಿಮಳ ಬಂದಿರುತ್ತದೆ.