ತಣ್ಣಗಿನ ಇಡ್ಲಿ ಕೇಳಿದ ಗಿರಾಕಿ

ಮೊನ್ನೆ ಭಾನುವಾರ ಗೆಳೆಯನೊಬ್ಬ ಮನೆಗೆ ಬಂದಿದ್ದ. ಮಾಲ್ ಒಂದರಲ್ಲಿ ಬಟ್ಟೆ ಅಂಗಡಿ ನೋಡ್ಕೊಳ್ತಾನೆ. ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ "ಗಿರಾಕಿಗಳಲ್ಲಿ ಎಂಥೆಂಥಾ ವಿಚಿತ್ರ ಜನ ಇರ್ತಾರೆ ಮಾರಾಯ" ಅನ್ನೋದಕ್ಕೆ ಬಂದು ನಿಂತಿತು. "ಇದೇ ಕಲರ್‌ನಲ್ಲಿ ಬೇರೆ ಕಲರ್ ತೋರ್ಸಿ" ಅಂದವರ ಕತೆ ಅವನು ಹೇಳಿದ, ನಾನು ನನ್ನ ತಿಲಕ್ ನಗರದ ಕತೆಗಳನ್ನ ಬಿಚ್ಚಿದೆ. ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಅವನು ಹೋದಮೇಲೆ ಯಾಕೋ ಅನ್ನಿಸ್ತು, ನಾವು ನಕ್ಕಿದ್ದು ತಪ್ಪು ಜನರ ಬಗ್ಗೆ ಅಂತ.

2016-17ರಲ್ಲಿ, ಡಿಗ್ರಿ ಓದೋವಾಗ, ತಿಲಕ್ ನಗರದ ಒಂದು ದರ್ಶಿನಿಯಲ್ಲಿ ಗಲ್ಲಾ ಮೇಲೆ ಕೂರ್ತಿದ್ದೆ. ಕೂರ್ತಿದ್ದೆ ಅನ್ನೋದು ಸುಮ್ನೆ ಬಾಯಿಮಾತು, ನಿಂತೇ ಇರ್ತಿದ್ದೆ. ಆಮೇಲೆ ಆರು ತಿಂಗಳು ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಯಲ್ಲಿ. ಎರಡರ ಹೆಸರೂ ಇಲ್ಲಿ ಬೇಡ.

ದರ್ಶಿನಿ ಅನ್ನೋದು ನಮ್ಮ ಜಯನಗರದ್ದೇ ಕೂಸು. 1983ರಲ್ಲಿ ಆರ್. ಪ್ರಭಾಕರ್ ಇಲ್ಲಿ ಕೆಫೆ ದರ್ಶಿನಿ ಶುರು ಮಾಡಿದಾಗ ಸಪ್ಲೈಯರ್ ಮಾಯ ಆದ, ಟಿಪ್ಸ್ ಮಾಯ ಆಯ್ತು. ದುಡ್ಡು ಕೊಡು, ಟೋಕನ್ ತಗೋ, ನಿಂತು ತಿನ್ನು, ಹೋಗು. ಒಳ್ಳೇದೇ. ಆದ್ರೆ ಮೊದಲು ಐದು ಜನ ಸಪ್ಲೈಯರ್‌ಗಳು ಹಂಚಿಕೊಂಡು ಕೇಳ್ತಿದ್ದ ಬೈಗುಳ ಈಗ ಗಲ್ಲಾದವನಿಗೂ ಟೇಬಲ್ ಒರೆಸೋ ಹುಡುಗನಿಗೂ ಮಾತ್ರ!

ವಿಚಿತ್ರಗಳಿಗೇನೂ ಬರ ಇರಲಿಲ್ಲ ಬಿಡಿ. ಮಸಾಲೆ ದೋಸೆಗೆ ಟೋಕನ್ ತಗೊಂಡು ಪಲ್ಯ ತೆಗೆಸಿ, ಪಲ್ಯದ ದುಡ್ಡು ವಾಪಸ್ ಕೇಳಿದವರು. ಬೈ ಟೂ ಕಾಫಿ ತಗೊಂಡು ಎರಡು ಲೋಟಾನೂ ಕಣ್ಣಿನ ಮಟ್ಟಕ್ಕೆ ಹಿಡಿದು ಅಳತೆ ನೋಡೋ ರಿಟೈರ್ಡ್ ಜೋಡಿ (ಇವರನ್ನ ಕಂಡ್ರೆ ನನಗೆ ಬಲು ಇಷ್ಟ :)). ಒಂದು ಇಡ್ಲಿಗೆ ನಾಲ್ಕು ಸಲ ಚಟ್ನಿ. ಇದೆಲ್ಲಾ ನಗೋ ಸರಕು.

ಆ ಏರಿಯಾದಲ್ಲಿ ಇನ್ನೊಂದು ಥರದ ಗಿರಾಕಿಗಳೂ ಬರ್ತಾರೆ. ಸುತ್ತಮುತ್ತ ಆಸ್ಪತ್ರೆಗಳೇ. ತಿಲಕ್ ನಗರದಲ್ಲೇ ಸಾಗರ್, ಆ ಕಡೆ ಬನ್ನೇರುಘಟ್ಟ ರಸ್ತೆಗೆ ಜಯದೇವ, ಈ ಕಡೆ ಸಂಜಯ್ ಗಾಂಧಿ, ಇನ್ನೂ ಸ್ವಲ್ಪ ಮುಂದೆ ನಿಮ್ಹಾನ್ಸ್, ಕಿದ್ವಾಯಿ. ರೋಗಿ ಜೊತೆ ಬಂದವರು ಫ್ಲಾಸ್ಕ್ ಹಿಡ್ಕೊಂಡು ಬಿಸಿನೀರು ಕೇಳ್ತಾರೆ, ಒಗ್ಗರಣೆ ಇಲ್ಲದ ಮೊಸರನ್ನ ಕೇಳ್ತಾರೆ.

ಅಂಥವರಲ್ಲಿ ಒಬ್ಬರು, ಐವತ್ತರ ಆಸುಪಾಸು, ಉತ್ತರ ಕರ್ನಾಟಕದ ಮಾತು. ದಿನಾ ಸಂಜೆ ಎರಡು ಪ್ಲೇಟ್ ಇಡ್ಲಿ ಪಾರ್ಸೆಲ್. "ಒಂದು ಆರಿದ್ದು ಕೊಡ್ರಿ, ಮುಂಜಾನೀದಿದ್ರೂ ನಡೀತದ. ಚಟ್ನಿ ಸಾಂಬಾರ್ ಬ್ಯಾಡ." ಊರಲ್ಲೆಲ್ಲಾ ಜನ ಬಿಸಿ ಇಡ್ಲಿಗೆ ಜಗಳ ಆಡ್ತಾರೆ, ಈ ಮನುಷ್ಯನಿಗೆ ತಂಗಳೇ ಬೇಕು! ನಾನೂ ಅಡುಗೆಯವರೂ ಸೇರಿ ಅವರಿಗೆ "ಐಸ್ ಇಡ್ಲಿ" ಅಂತ ಹೆಸರಿಟ್ಟಿದ್ವಿ. ಒಂದಿನ ನಾನೇ ಕೇಳಿದೆ, "ಫ್ರಿಜ್ಜಲ್ಲಿಟ್ಟು ಕೊಡ್ಲಾ ಸಾರ್?" ಸುತ್ತ ಇದ್ದವರು ನಕ್ಕರು. ಅವರೂ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು, "ತಮ್ಮಗ ಬಾಯಿಗೆ ಕರೆಂಟ್ ಕೊಡ್ಲಿಕ್ಕತ್ತಾರಪ್ಪ. ಬಿಸೀದು, ಖಾರದ್ದು ಬಾಯಾಗ ಇಡ್ಲಿಕ್ಕ ಆಗೂದಿಲ್ಲ." ಕಿದ್ವಾಯಿ ಅಂತ ಬೇರೆ ಹೇಳಬೇಕಿರಲಿಲ್ಲ.

ಸುಮಾರು ಒಂದು ತಿಂಗಳು ಬಂದರು. ಕೊನೇ ಸಲ ಬಂದಾಗ ಒಂದೇ ಪ್ಲೇಟ್, ಬಿಸೀದು. ಕೌಂಟರ್ ಪಕ್ಕದಲ್ಲೇ ನಿಂತು ತಿಂದು ಹೋದರು. ನಾನೇನೂ ಕೇಳಲಿಲ್ಲ, ಕೇಳೋಕೆ ಬಾಯೇ ಬರಲಿಲ್ಲ.

ನಾವು ವಿಚಿತ್ರ ಅಂತ ಕತೆ ಮಾಡಿ ಹೇಳೋದು ಇಂಥವರನ್ನ. ನೆಟ್ಟಗಿರೋರು ಅಂದ್ಕೊಂಡವರು ಏನು ಮಾಡ್ತಾರೆ ನೋಡಿ. ಫೋನಲ್ಲಿ ಮಾತಾಡ್ತಾನೇ ಎರಡು ಬೆರಳಲ್ಲಿ ನೋಟು ಚಾಚಿ, ಏನು ಬೇಕು ಅಂತ ನಾವೇ ಊಹಿಸಲಿ ಅಂತ ನಿಲ್ಲೋದು. ತಿಂದ ತಟ್ಟೆಯಲ್ಲೇ ಕೈ ತೊಳೆದು, ಅದನ್ನ ಎತ್ತೋ ಹುಡುಗನಿಗೆ "ಏಯ್" ಅನ್ನೋದು. ಒಬ್ಬರು ದಿನಾ ಬರೋ ಹಿರಿಯರಿದ್ದರು, ತುಂಬಾ ಸಭ್ಯರು. ಒಂದಿನ ಊರು ಕೇಳಿದರು, ಹೇಳಿದೆ. "ಅಲ್ಲಿ ಯಾರ ಪೈಕಿ?" ಅಂದರು. ಅದನ್ನೂ ಹೇಳಿದೆ. ಮಾರನೇ ದಿನದಿಂದ ಚಿಲ್ಲರೆ ನನ್ನ ಕೈಗೆ ಬರಲಿಲ್ಲ, ಗಾಜಿನ ಮೇಲೆ ಬಿತ್ತು. ನಗುಮುಖ ಮಾತ್ರ ಹಾಗೇ ಇತ್ತು. ಇದನ್ನ ಯಾರೂ ಗಿರಾಕಿಗಳ ತಮಾಷೆ ಕತೆಗೆ ಸೇರಿಸಲ್ಲ, ನಾನೂ ಮೊನ್ನೆ ಗೆಳೆಯನಿಗೆ ಹೇಳಲಿಲ್ಲ.

2016ರ ನವೆಂಬರ್ 8ರ ರಾತ್ರಿಯಂತೂ ಮರೆಯೋಕಾಗಲ್ಲ. ಎಂಟು ಗಂಟೆಗೆ ಪ್ರಧಾನಿ ಟೀವಿಯಲ್ಲಿ ಹೇಳಿದರು, ಅರ್ಧ ಗಂಟೆಯಲ್ಲಿ ನಮ್ಮ ಮುಂದೆ ಸಾಲು. ಎಲ್ಲರಿಗೂ ಒಂದೇ ಕಾಫಿ, ಎಲ್ಲರ ಕೈಯಲ್ಲೂ ಐನೂರರ ನೋಟು. ತಗೊಂಡ್ರೆ ಯಜಮಾನರು ಬೈತಾರೆ, ತಗೊಳ್ಳದಿದ್ರೆ ಗಿರಾಕಿ ಬೈತಾರೆ. ಆಮೇಲೆ ಹತ್ತು ರೂಪಾಯಿ ನಾಣ್ಯ ನಡೆಯಲ್ಲ ಅನ್ನೋ ಗಾಳಿಸುದ್ದಿ. ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ 14 ವಿನ್ಯಾಸದವೂ ಚಲಾವಣೆಯಲ್ಲಿವೆ ಅಂತ ಸ್ಪಷ್ಟ ಮಾಡಿದ್ರೂ ಜನ ನಂಬಲಿಲ್ಲ. ಸಂಜೆ ಲೆಕ್ಕ ಕಮ್ಮಿ ಬಂದ್ರೆ ಮಾತ್ರ ನನ್ನ ಸಂಬಳದಿಂದಲೇ ಮುರ್ಕೊಳ್ತಿದ್ದರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದು, ಬೆಂಗಳೂರಲ್ಲಿ ಎಷ್ಟೋ ಕಡೆ "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದ್ದರಲ್ಲ, ಆಗಲೂ ಒಂದು ಟೀ ಅಂಗಡಿ ಹುಡುಗನ ಮೇಲೆ ಒಬ್ಬರು ಕೂಗಾಡೋದನ್ನ ನೋಡಿದೆ. ನೋಟಿಸ್ ಕಳಿಸಿದ್ದು ಅವನೇ ಅನ್ನೋ ಹಾಗೆ!

ಬಟ್ಟೆ ಅಂಗಡಿಯಲ್ಲಿ ನಲವತ್ತು ಸೀರೆ ಬಿಚ್ಚಿಸಿ "ಆಮೇಲೆ ಬರ್ತೀವಿ" ಅಂದವರ ಮೇಲೆ ನನಗೆ ಕೋಪ ಇಲ್ಲ. ನೋಡದೆ ಯಾರು ತಗೋತಾರೆ? ಒಂದು ಮಧ್ಯಾಹ್ನ ಅಂಗಡಿ ಖಾಲಿ ಇತ್ತು ಅಂತ ಐದು ನಿಮಿಷ ಸ್ಟೂಲ್ ಮೇಲೆ ಕೂತಿದ್ದೆ. ಒಳಗೆ ಬಂದ ಹೆಂಗಸು ನೇರ ಯಜಮಾನರ ಹತ್ತಿರ ಹೋಗಿ "ನಿಮ್ಮ ಹುಡುಗರಿಗೆ ಮರ್ಯಾದೆ ಗೊತ್ತಿಲ್ಲ" ಅಂದರು. ಅವತ್ತಿಂದ ಸ್ಟೂಲ್ ಗೋಡೌನಿಗೆ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಲ್ಲಿ 2021ರಲ್ಲಿ, ಅಂಗಡಿ ಕೆಲಸದವರಿಗೆ ಕೂರೋ ವ್ಯವಸ್ಥೆ ಇರಲೇಬೇಕು ಅಂತ ಕಾಯ್ದೆ ತಿದ್ದಿದರು. ಕೂರೋದಕ್ಕೂ ಕಾಯ್ದೆ ಬೇಕಾಯ್ತಲ್ಲ ಅಂತ ನಗಬೇಡಿ, ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಒಮ್ಮೆ ನಿಂತು ನೋಡಿ.

ಇದನ್ನೆಲ್ಲಾ ಬರೆದು ಮುಗಿಸೋ ಹೊತ್ತಿಗೆ ಗೆಳೆಯನಿಗೆ ಫೋನ್ ಮಾಡಿ ಕೇಳಿದೆ, ನಿಮ್ಮಂಗಡೀಲಿ ಸ್ಟೂಲ್ ಇದ್ಯಾ ಅಂತ.

"ಇದೆಯಲ್ಲ, ಗಿರಾಕಿಗಳಿಗೆ" ಅಂದ.

"ನಿನ್ನ ಹುಡುಗರಿಗೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಮ್ಯಾನೇಜರ್ ಹತ್ರ ಕೇಳ್ತೀನಿ ಅಂದಿದ್ದಾನೆ. ಮುಂದಿನ ಭಾನುವಾರ ಬರ್ತಾನೆ, ಆಗ ವಿಚಾರಿಸ್ತೀನಿ.